ಎರಡನೇ ಹೆರಿಗೆಗೆ ಹಣ ಬರುತ್ತದೆಯೇ? ಅರ್ಜಿಗೆ ಮೊದಲು ಎಣಿಸಿ ನೋಡಿ

‘ಎರಡನೇ ಕೂಸಿಗೆ ರೊಕ್ಕ ಬರಂಗಿಲ್ಲ’ ಎಂಬ ಮಾತು ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಬಸುರಿ, ಬಾಣಂತಿಯರಿಗೆ ಹಣದ ನೆರವು ಕೊಡುವ ಕೇಂದ್ರದ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ 2017ರಲ್ಲಿ ಆರಂಭವಾದಾಗ ಅದು ಸರಿಯಾಗಿತ್ತು. ಈಗ ಅರ್ಧ ಮಾತ್ರ ಸರಿ. ಮೊದಲ ಮಗು ಗಂಡಾಗಲಿ ಹೆಣ್ಣಾಗಲಿ, ತಾಯಿಗೆ ₹5,000 ಸಿಗುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಎರಡನೆಯದು ಹೆಣ್ಣಾದರೆ ₹6,000 ಒಂದೇ ಕಂತಿನಲ್ಲಿ ಬರುತ್ತದೆ, ಗಂಡಾದರೆ ಏನೂ ಇಲ್ಲ. ಆದ್ದರಿಂದ ಅಂಗನವಾಡಿಗೆ ಹೋಗುವ ಮೊದಲು ಸರ್ಕಾರದ ಲೆಕ್ಕದಲ್ಲಿ ಇದು ಎಷ್ಟನೇ ಮಗು ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.

ಆ ಲೆಕ್ಕ ಇರುವುದು ತಾಯಿ ಕಾರ್ಡ್‌ನಲ್ಲಿ. ಅದರಲ್ಲಿ ನರ್ಸಮ್ಮ ಬರೆಯುವ ಜಿ, ಪಿ, ಎಲ್, ಎ ಎಂಬ ಅಕ್ಷರಗಳನ್ನು ಹೆಚ್ಚಿನವರು ಓದಲು ಹೋಗುವುದಿಲ್ಲ. ಜಿ ಎಂದರೆ ಒಟ್ಟು ಎಷ್ಟನೇ ಬಸಿರು, ಪಿ ಎಂದರೆ ಆಗಿರುವ ಹೆರಿಗೆಗಳು, ಎಲ್ ಎಂದರೆ ಬದುಕಿರುವ ಮಕ್ಕಳು, ಎ ಎಂದರೆ ಗರ್ಭಪಾತ. ಒಂದು ಮಗುವಿದ್ದು, ನಡುವೆ ಒಮ್ಮೆ ಗರ್ಭ ನಿಲ್ಲದೆ ಹೋಗಿ, ಈಗ ಮತ್ತೆ ಬಸುರಿಯಾಗಿರುವವರ ಕಾರ್ಡ್‌ನಲ್ಲಿ ಜಿ3, ಪಿ1, ಎಲ್1, ಎ1 ಎಂದಿರಬೇಕು. ಇದು ಮೂರನೇ ಬಸಿರಾದರೂ ಎರಡನೇ ಮಗು. ಆ ಎ1 ಬಿಟ್ಟುಹೋಗಿ ಪಿ2 ಎಂದು ದಾಖಲಾದರೆ ಅರ್ಜಿಯಲ್ಲೂ ಇದು ಮೂರನೇ ಮಗುವೆಂದೇ ಆಗುತ್ತದೆ. ಹೆರಿಗೆಯ ನಂತರ ತಿದ್ದಿಸಲು ಓಡಾಡುವುದಕ್ಕಿಂತ ಮೊದಲ ತಪಾಸಣೆಯ ದಿನವೇ ಕೇಳಿ ಬರೆಸುವುದು ಸುಲಭ. ಗರ್ಭಪಾತವಾದವರನ್ನೂ ಸತ್ತ ಮಗು ಹುಟ್ಟಿದವರನ್ನೂ ಮುಂದಿನ ಬಸಿರಿನಲ್ಲಿ ಹೊಸ ಫಲಾನುಭವಿಯೆಂದೇ ಪರಿಗಣಿಸಬೇಕೆಂದು ನಿಯಮವಿದೆ. ಎರಡನೇ ಹೆರಿಗೆಯಲ್ಲಿ ಅವಳಿ ಹುಟ್ಟಿ, ಅವುಗಳಲ್ಲಿ ಒಂದು ಹೆಣ್ಣಾದರೂ ಹಣ ಸಿಗುತ್ತದೆ.

ಮುಂದಿನ ಹೆಜ್ಜೆ ನೋಂದಣಿ. ಹುಟ್ಟುವುದು ಹೆಣ್ಣೋ ಗಂಡೋ ನೋಡಿ ಆಮೇಲೆ ಹೆಸರು ಬರೆಸಿದರಾಯಿತು ಎಂದು ಕೂರುವುದು ತಪ್ಪು, ಏಕೆಂದರೆ ಎರಡನೇ ಮಗುವಿನ ಹಣಕ್ಕೂ ಬಸಿರಿನಲ್ಲೇ ನೋಂದಣಿ ಆಗಿರಬೇಕು. ಮೊದಲ ಮಗುವಾದರೆ ನೋಂದಣಿ ಮತ್ತು ತಪಾಸಣೆಯ ನಂತರ ₹3,000 ಬರುತ್ತದೆ. ಹೆರಿಗೆಯಾಗಿ ಜನನ ನೋಂದಣಿ ಮತ್ತು ಹದಿನಾಲ್ಕನೇ ವಾರದವರೆಗಿನ ಲಸಿಕೆಗಳು ಮುಗಿದ ಮೇಲೆ ಉಳಿದ ₹2,000. ನಮ್ಮ ಕಡೆ ಹಣ ಸಿಕ್ಕಿಬೀಳುವುದು ಹೆಚ್ಚಾಗಿ ಈ ಲಸಿಕೆಯ ಹಂತದಲ್ಲೇ. ತೊಗರಿ ರಾಶಿ ಮುಗಿಸಿ ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ದುಡಿಯಲು ಹೋಗುವ ತಾಂಡಾದ ಕುಟುಂಬಗಳು ತಾಯಿ ಕಾರ್ಡನ್ನು ಜೊತೆಗೇ ಒಯ್ದು, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ತಾರೀಖು ಬರೆಸಿಕೊಂಡು ಬರಬೇಕು.

ತಾಯಿಯ ಆಧಾರ್, ಆಕೆಯ ಹೆಸರಿನ ಬ್ಯಾಂಕ್ ಖಾತೆ, ಬಿಪಿಎಲ್ ಅಥವಾ ಉದ್ಯೋಗ ಖಾತರಿ ಕಾರ್ಡ್‌ನಂಥ ಒಂದು ಅರ್ಹತೆಯ ದಾಖಲೆ ಸಾಕು. ಗಂಡನ ಆಧಾರ್ ಈಗ ಕಡ್ಡಾಯವಲ್ಲ. ಖಾತೆ ಹಲವಿದ್ದರೆ ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ಹೆರಿಗೆಯಾಗಿ 270 ದಿನಗಳೊಳಗೆ ಅರ್ಜಿ ಸಲ್ಲಿಕೆಯಾಗಿರಬೇಕು.

ಇಲ್ಲೊಂದು ಮಾತು ಹೇಳಲೇಬೇಕು. 2013ರ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಸರ್ಕಾರಿ ನೌಕರಿಯಲ್ಲಿರುವವರಂಥ ಕೆಲವರನ್ನು ಬಿಟ್ಟು ಪ್ರತಿಯೊಬ್ಬ ಗರ್ಭಿಣಿಗೂ ಕನಿಷ್ಠ ಆರು ಸಾವಿರ ಎನ್ನುತ್ತದೆ. ಎಷ್ಟನೇ ಮಗು ಎಂದು ಅದು ಕೇಳುವುದಿಲ್ಲ, ಕೇಳುವುದು ಯೋಜನೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಸಿಗುವ ಜನನಿ ಸುರಕ್ಷಾ ಯೋಜನೆಯ ಹಣ ಸೇರಿಸಿದರೆ ಸರಾಸರಿ ಆರು ಸಾವಿರವಾಗುತ್ತದೆ ಎಂಬುದು ಕೇಂದ್ರದ ಸಮಜಾಯಿಷಿ. ಆದರೆ ಕರ್ನಾಟಕದ ಹಳ್ಳಿಯ ತಾಯಿಗೆ ಅದರಿಂದ ಸಿಗುವುದು ₹700, ಕೂಡಿಸಿದರೆ 5,700.

ಮೂರನೇ ಮಗುವಿಗೆ ಮಾತೃ ವಂದನಾದಲ್ಲಿ ಅವಕಾಶವಿಲ್ಲ. ಆದರೆ ಜನನಿ ಸುರಕ್ಷಾದ ಮಕ್ಕಳ ಮಿತಿಯನ್ನು 2013ರಲ್ಲೇ ತೆಗೆದಿರುವುದರಿಂದ ಬಿಪಿಎಲ್, ಪರಿಶಿಷ್ಟ ಜಾತಿ ಮತ್ತು ಪಂಗಡದ ತಾಯಂದಿರು ಅದನ್ನು ಬಿಡಬೇಕಾಗಿಲ್ಲ. ಹೆಣ್ಣುಮಗುವಿನ ಹೆಸರಿನಲ್ಲಿ ಹಣ ತೊಡಗಿಸುವ ರಾಜ್ಯದ ಭಾಗ್ಯಲಕ್ಷ್ಮಿ ಯೋಜನೆಯ ಎಣಿಕೆ ಬೇರೆಯೇ: ಅದು ಬಿಪಿಎಲ್ ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಸೀಮಿತ, ಮಗುವಿಗೆ ವರ್ಷ ತುಂಬುವುದರೊಳಗೆ ಅರ್ಜಿ ಹಾಕಬೇಕು. ಮಾತೃ ವಂದನಾ ಅಥವಾ ಭಾಗ್ಯಲಕ್ಷ್ಮಿಯ ಅರ್ಜಿ ತಿರಸ್ಕೃತವಾದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕಾರಣವನ್ನು ಬರಹದಲ್ಲಿ ಕೇಳಿ, ತಾಯಿ ಕಾರ್ಡ್‌ನ ಆ ನಾಲ್ಕು ಅಕ್ಷರಗಳೊಂದಿಗೆ ತಾಳೆ ನೋಡಿ.