ಬೇಜಾರಾದಾಗ ಏನ್ ಕೇಳ್ಬೇಕು, ಏನ್ ನೋಡ್ಬೇಕು

ಬೇಜಾರಲ್ಲಿದೀನಿ ಅಂದ್ರೆ ಎಲ್ರೂ ಹೇಳೋದೊಂದೇ, "ಯಾವ್ದಾದ್ರೂ ಕಾಮಿಡಿ ಹಾಕ್ಕೊಂಡ್ ನೋಡೋ" ಅಂತ. ನಂಗಂತೂ ಅದು ಕೆಲ್ಸ ಮಾಡಿಲ್ಲ. ಅಜ್ಜಿ ತೀರ್ಕೊಂಡ ವಾರ ಪಿಜಿ ರೂಮಲ್ಲಿ ಒಬ್ನೇ ಕೂತು ಕಾಮಿಡಿ ಹಾಕಿದ್ರೆ, ಅವರೆಲ್ಲ ಹೆಂಗ್ ನಗ್ತಾವ್ರೆ ನೋಡು ಅಂತ ಸಿಟ್ಟೇ ಬಂತು.

ಮೊದ್ಲು ನಮ್ ಮೂಡಿಗೆ ಹೊಂದೋದನ್ನೇ ಹಾಕ್ಬೇಕು, ಆಮೇಲೆ ನಿಧಾನಕ್ಕೆ ಮೂಡ್ ತಿರುಗಿಸ್ಬೇಕು. ಮ್ಯೂಸಿಕ್ ಥೆರಪಿಯವರು ಇದನ್ನ ಐಸೊ ಪ್ರಿನ್ಸಿಪಲ್ ಅಂತಾರೆ, 1940ರ ದಶಕದಿಂದ ಇರೋ ಐಡಿಯಾ. ಮಾಡೋದು ಹಿಂಗೆ: ಆರು ಹಾಡಿನ ಪ್ಲೇಲಿಸ್ಟ್, ಮೊದಲೆರಡು ಚೆನ್ನಾಗಿ ಅಳ್ಸೋವು, ಆಮೇಲೆರಡು ಭಾವಗೀತೆ ಥರ ಮೆತ್ತಗಿರೋವು, ಕೊನೆ ಎರಡಕ್ಕೆ ಕಾಲು ತಾನಾಗೇ ತಾಳ ಹಾಕ್ಬೇಕು. ಶಫಲ್ ಆಫ್ ಮಾಡಿ, ಇಲ್ಲಾಂದ್ರೆ ಕ್ರಮ ಎಲ್ಲಾ ಎಕ್ಕುಟ್ಟೋಗುತ್ತೆ. ಲಿಸ್ಟನ್ನ ಮನಸ್ಸು ನೆಟ್ಟಗಿರೋ ದಿನಾನೇ ಮಾಡಿಟ್ಕೊಳಿ, ರಾತ್ರಿ ಒಂದ್ ಗಂಟೆಗೆ ಅಳ್ತಾ ಹಾಡು ಹುಡುಕೋ ತಾಳ್ಮೆ ಯಾರಿಗಿರುತ್ತೆ. ಮತ್ತೆ ಹಳೇ ಹುಡುಗಿ ಜೊತೆ ಇಯರ್‌ಫೋನ್ ಹಂಚ್ಕೊಂಡು ಕೇಳಿದ ಹಾಡು ಮಾತ್ರ ಬೇಡ, ಅದು ಶುರುವಾದ್ರೆ ಮುಂದಿನ ಹಾಡಿಗೆ ಹೋಗೋಕೆ ಕೈಯೇ ಬರಲ್ಲ.

ಲಿಸ್ಟ್ ಮಾಡೋ ತಲೆನೋವು ಬೇಡಾಂದ್ರೆ ರೇಡಿಯೋ, ಬೆಂಗ್ಳೂರಲ್ಲಿ ವಿವಿಧ ಭಾರತಿ 102.9. ಏನ್ ಹಾಕ್ಲಿ ಅನ್ನೋ ಯೋಚ್ನೇನೇ ಇಲ್ಲ.

ನೋಡೋದಾದ್ರೆ ಹೊಸ ಸಸ್ಪೆನ್ಸ್ ಬೇಡ, ಹತ್ತು ಸಲ ನೋಡಿರೋದನ್ನೇ ಹಾಕಿ, ಮುಂದೇನಾಗುತ್ತೆ ಅಂತ ಗೊತ್ತಿದ್ರೆ ತಲೆಗೂ ರೆಸ್ಟು. ನಂದು ಮಾಲ್ಗುಡಿ ಡೇಸ್, ಶಂಕರ್‌ನಾಗ್ ಆಗುಂಬೇಲಿ ತೆಗ್ದಿದ್ದು, ಹೆಚ್ಚಿನ ಕಥೆ ಒಂದೇ ಎಪಿಸೋಡಿಗೆ ಮುಗಿಯುತ್ತೆ ಹಂಗಾಗಿ ನಿಲ್ಸೋದು ಸುಲಭ.

ರೀಲ್ಸ್ ಮಾತ್ರ ಮುಟ್ಬೇಡಿ. ಅಳೋ ರೀಲ್ ಒಂದರ ಮೇಲೆ ಸ್ವಲ್ಪ ಹೊತ್ತು ನಿಂತ್ರೆ ಸಾಕು, ಅಂಥವೇ ಸಾಲುಸಾಲು ತಂದು ಸುರಿಯುತ್ತೆ. ಯೂಟ್ಯೂಬಲ್ಲಿ ಆಟೋಪ್ಲೇ ಆಫ್ ಮಾಡಿ, ವಾಚ್ ಹಿಸ್ಟರಿನೂ ಆವತ್ತಿಗೆ ನಿಲ್ಸಿಬಿಡಿ, ಇಲ್ಲಾಂದ್ರೆ ನೀವು ಸರಿಹೋದ್ಮೇಲೂ ಅದು ಅದೇ ಗೋಳು ತೋರಿಸ್ತಿರುತ್ತೆ.

ಎರಡು ವಾರ ಆದ್ರೂ ಊಟ ನಿದ್ದೆ ಸರಿಯಿಲ್ಲ, ಸಾಯ್ಬೇಕು ಅನ್ಸ್ತಿದೆ ಅಂದ್ರೆ ಇದ್ಯಾವ್ದೂ ಸಾಲಲ್ಲ. ಸಾಯ್ಬೇಕು ಅನ್ಸಿದ್ರಂತೂ ಎರಡು ವಾರ ಕಾಯೋದೂ ಬೇಡ, ತಕ್ಷಣ 14416ಗೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಫ್ರೀ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಇನ್ನೊಂದ್ ಮರ್ತಿದ್ದೆ, ಒಬ್ರೇ ನೋಡ್ಬೇಡಿ. ನಾನು ಧಾರವಾಡದಲ್ಲಿರೋ ಅಕ್ಕಂಗೆ ಕಾಲ್ ಹಾಕ್ತೀನಿ, ಒಂದ್ ಎರಡ್ ಮೂರು ಅಂತ ಎಣಿಸಿ ಇಬ್ರೂ ಒಟ್ಟಿಗೆ ಪ್ಲೇ ಒತ್ತೋದು. ಅರ್ಧ ಗಂಟೇಲಿ ಅವ್ಳು ಗೊರಕೆ ಹೊಡಿತಿರ್ತಾಳೆ. ನಾನು ಕಾಲ್ ಕಟ್ ಮಾಡಲ್ಲ.