ಸೋಮವಾರ ಸಂಜೆಯ ಸಭೆ

ಬಸವನ ಬಾಗೇವಾಡಿ ತಾಲ್ಲೂಕಿನ ಆರು ಹಳ್ಳಿಗಳ ತೊಗರಿ ಬೆಳೆಗಾರರು ಸೇರಿ ರೈತ ಉತ್ಪಾದಕ ಕಂಪನಿ, ಅಂದರೆ ರೈತರೇ ಷೇರು ಹಾಕಿ ನಡೆಸುವ ಕಂಪನಿ, ಕಟ್ಟಿದಾಗ ಅದರ ಮುಖ್ಯ ಕಾರ್ಯನಿರ್ವಾಹಕನ ಹೊಣೆ ನನ್ನ ಮೇಲೆ ಬಿತ್ತು. ಇಂಥ ಕಂಪನಿಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆಗೆ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಬೇಕಿತ್ತು. ತಲಾ ಒಂದು ಸಾವಿರದಂತೆ ಷೇರು ಕೂಡಿಸುವುದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ಆಮೇಲೆ.

ಯೋಜನೆಯಡಿ ನಮಗೆ ಬೆಂಬಲ ಕೊಡಬೇಕಾದ ಸಂಸ್ಥೆಯವರು ದೂರದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಲೆಕ್ಕಪತ್ರ ಅವರೇ ನೋಡಿಕೊಳ್ಳುತ್ತಾರೆಂದು ನಂಬಿ ಕುಳಿತೆ. ಕಂಪನಿ ಪ್ರತಿ ವರ್ಷ ಲೆಕ್ಕಪತ್ರಕ್ಕೊಂದು, ವಾರ್ಷಿಕ ವಿವರಕ್ಕೊಂದು ನಮೂನೆ ಸಲ್ಲಿಸಬೇಕು. ಗಡುವು ದಾಟಿದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ನಮಗೆ ತಿಳಿದಾಗ ನಾಲ್ಕು ತಿಂಗಳು ಕಳೆದಿತ್ತು. ಸುಮಾರು ಇಪ್ಪತ್ತನಾಲ್ಕು ಸಾವಿರ, ಅಂದರೆ ಇಪ್ಪತ್ತನಾಲ್ಕು ಮನೆಗಳ ಷೇರು ಹಣ, ಹಾಗೆಯೇ ಹೋಯಿತು. ಆ ಮನೆಗಳ ಮುಂದೆ ಹಾದುಹೋಗುವುದೇ ನನಗೆ ಸಂಕಟವಾಗಿತ್ತು.

ನೆರವು ನಮ್ಮ ಊರಲ್ಲೇ ಇರಬೇಕೆಂದು ಆಗ ನಿಶ್ಚಯಿಸಿದೆ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳನ್ನು ವಿಜಯಪುರದ ಲೆಕ್ಕಿಗರೊಬ್ಬರ ಬಳಿ ಮೂರು ತಿಂಗಳು ಕಲಿಯಲು ಕಳಿಸಿದೆವು. ಯೋಜನೆಯ ಆಡಳಿತ ವೆಚ್ಚದ ನೆರವು ಮೂರೇ ವರ್ಷಕ್ಕೆ, ಗರಿಷ್ಠ 18 ಲಕ್ಷ. ಅದು ನಿಂತಾಗ ಇವರ ಸಂಬಳ ನಿಲ್ಲಬಾರದು. ಕಂಪನಿ ಮಾರುವ ಪ್ರತಿ ಕ್ವಿಂಟಲ್ ತೊಗರಿಯಲ್ಲಿ ಇಪ್ಪತ್ತು ರೂಪಾಯಿ ಅದಕ್ಕೆಂದೇ ತೆಗೆದಿಡಲು ಸದಸ್ಯರೇ ಒಪ್ಪಿದರು.

ರೈತರಿಗೆ ಸಾಲ ಕೊಡುವ ಸಹಕಾರ ಸೊಸೈಟಿಯವರು ತಮ್ಮ ಗೋದಾಮಿನ ಒಂದು ಮೂಲೆ ಬಿಟ್ಟುಕೊಟ್ಟರು. ಅಲ್ಲಿ ಜರಡಿ ಯಂತ್ರದ ಪಕ್ಕ ತೇವಾಂಶ ಅಳೆಯುವ ಮೀಟರ್ ಇಟ್ಟೆವು. ಕಂಪನಿಯ ಮೇಲೆ ಜನರಿಗೆ ನಂಬಿಕೆ ತಂದದ್ದು ಆ ಪುಟ್ಟ ಮೀಟರ್. ತೇವಾಂಶ ಶೇ 12 ಮೀರಿದ ತೊಗರಿಯನ್ನು ಬೆಂಬಲ ಬೆಲೆಯ ಕೇಂದ್ರದಲ್ಲಿ ಕೊಳ್ಳುವುದಿಲ್ಲ. ಮೊದಲು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಹೋಗಿ, ಚೀಲಗಳ ಸಮೇತ ಮರಳುತ್ತಿದ್ದರು. ಈಗ ಊರಲ್ಲೇ ಅಳೆದು, ಬೇಕಾದರೆ ಇನ್ನೆರಡು ದಿನ ಕಣದಲ್ಲಿ ಒಣಗಿಸಿ ಒಯ್ಯುತ್ತಾರೆ.

ಸದಸ್ಯರ ಸಭೆಯನ್ನು ಸೋಮವಾರ ಸಂಜೆಗೆ ಬದಲಿಸಿದೆವು. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಜನ ಊರಲ್ಲಿರುತ್ತಾರೆ. ಲೆಕ್ಕ ಕಲಿತು ಬಂದ ಆ ಇಬ್ಬರು ಹೆಣ್ಣುಮಕ್ಕಳು ಜಮಾ ಖರ್ಚನ್ನು ಗಟ್ಟಿಯಾಗಿ ಓದುತ್ತಾರೆ. "ತಂಗಿ, ನನ್ನ ಚೀಟಿ ಇನ್ನೊಮ್ಮೆ ಓದು" ಎಂದು ಹಿರಿಯರು ಕೇಳಿದರೆ ಮತ್ತೆ ಓದುತ್ತಾರೆ.

ಪಹಣಿಯಲ್ಲಿ ಹೆಸರಿಲ್ಲವೆಂದು ಹೆಂಗಸರನ್ನು ದೂರವಿಟ್ಟದ್ದು ನಮ್ಮ ದೊಡ್ಡ ತಪ್ಪು. ಕಂಪನಿ ಕಾನೂನು ಕೇಳುವುದು ಉತ್ಪಾದಕರೋ ಅಲ್ಲವೋ ಎಂದಷ್ಟೆ. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವ, ಆಡು ಸಾಕುವ ಹೆಂಗಸರು ಈಗ ಸದಸ್ಯರಾಗಿದ್ದಾರೆ.

ಬಿತ್ತನೆಗೆ ಮುಂಗಡ ಕೊಟ್ಟ ಅಡತಿ (ದಲ್ಲಾಳಿ) ಅಂಗಡಿಗೇ ತೊಗರಿ ಹಾಕಬೇಕಾದ ಸದಸ್ಯರು ಇನ್ನೂ ಇದ್ದಾರೆ. ಮುಂಗಾರಿಗೆ ಮೊದಲೇ ಇವರಿಗೆ ಸಾಲ ಸಿಗುವ ದಾರಿ ಹುಡುಕಬೇಕು. ಬರುವ ಸೋಮವಾರದ ಸಭೆಗೆ ಸೊಸೈಟಿಯ ಕಾರ್ಯದರ್ಶಿಯವರನ್ನು ಕರೆದಿದ್ದೇವೆ.