ಪೀಟ್ ವಿಸ್ಕಿಗೆ ಸಿರಿಂಜ್‌ನಲ್ಲಿ ನೀರು: ನನ್ನ ಅನುಭವ

ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಮುಂದಿಟ್ಟುಕೊಂಡು, ನೀರು ಅಳೆದು ಹಾಕಲು ಸಿರಿಂಜ್ ಹಿಡಿದರೆ ನಗುವವರೇ ಹೆಚ್ಚು. ಪೀಟ್ ಎಂಬ ಜೌಗು ಮಣ್ಣಿನ ಉರುವಲಿನ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡುವ ಸ್ಕಾಟ್ಲೆಂಡಿನ ಆರ್ಡ್‌ಬೆಗ್ 10ರಲ್ಲಿ ಹೊಗೆ, ಡೆಟಾಲ್ ಬಿಟ್ಟರೆ ಇನ್ನೇನಿದೆ ಎನ್ನುತ್ತಿದ್ದವರೇ ಈಗ ಅದೇ ಗ್ಲಾಸಿನಲ್ಲಿ ನಿಂಬೆ ಸಿಪ್ಪೆ, ವೆನಿಲಾ ಅಂತ ಗುರುತಿಸುತ್ತಿದ್ದಾರೆ. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ಗ್ಲೆನ್‌ಕೆರ್ನ್ ಗ್ಲಾಸಿಗೆ (ಬಾಯಿ ಕಿರಿದಾದ, ವಿಸ್ಕಿ ಮೂಸಲೆಂದೇ ಮಾಡಿದ್ದು) 30 ಎಂಎಲ್ ಸುರಿದು, ಸಾಸರ್ ಮುಚ್ಚಿ ಕಾಲು ಗಂಟೆ ಬಿಡುತ್ತೇನೆ. ಮೊದಲ ಸುತ್ತು ನೀರಿಲ್ಲದೆ. ಗ್ಲಾಸು ಗದ್ದದ ಮಟ್ಟದಲ್ಲಿರಲಿ, ಬಾಯಿ ಸ್ವಲ್ಪ ತೆರೆದಿರಲಿ. ಮೂಗು ಒಳಗೆ ತೂರಿಸಿದರೆ ಆಲ್ಕೋಹಾಲ್ ಹೊಡೆತಕ್ಕೆ ಐದು ನಿಮಿಷ ಏನೂ ತಿಳಿಯುವುದಿಲ್ಲ. ಆಮೇಲೆ ನೀರು. ಆರ್ಡ್‌ಬೆಗ್‌ನಂತೆ 46% ಆಲ್ಕೋಹಾಲ್ ಇರುವ 30 ಎಂಎಲ್‌ಗೆ 2 ಎಂಎಲ್ ಹಾಕಿದರೆ 43ಕ್ಕೆ, ನಾಲ್ಕೂವರೆ ಹಾಕಿದರೆ 40ಕ್ಕೆ, ಒಂಬತ್ತು ದಾಟಿದರೆ 35ಕ್ಕೆ ಇಳಿಯುತ್ತದೆ. ಇನ್ನೊಂದು ಪೀಟ್ ವಿಸ್ಕಿ ಪೋರ್ಟ್ ಷಾರ್ಲೆಟ್ 10 ಇರುವುದು 50%, ಅದನ್ನು 40ಕ್ಕೆ ತರಲು ಏಳೂವರೆ ಬೇಕು. ಪ್ರತಿ ಸಲ ಹಾಕಿದ ಮೇಲೂ ಐದು ನಿಮಿಷ ಕಾಯಬೇಕು. ಆರ್ಡ್‌ಬೆಗ್ ನನಗೆ ಬಿಚ್ಚಿಕೊಳ್ಳುವುದು 40ರ ಆಸುಪಾಸಿನಲ್ಲಿ. 35ಕ್ಕೆ ಬಂತೆಂದರೆ ಬರೀ ಬೂದಿ, ಕಹಿ.

ಇದು ಬರೀ ನನ್ನ ನಾಲಿಗೆಯ ಮಾತಲ್ಲ. 2017ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಕಂಪ್ಯೂಟರ್ ಲೆಕ್ಕದಲ್ಲಿ ನೋಡಿದ್ದರು: ಹೊಗೆಯ ರುಚಿ ಕೊಡುವ ಗ್ವಾಯಕಾಲ್, ಆಲ್ಕೋಹಾಲ್ 45%ವರೆಗೆ ಇದ್ದಾಗ ಮೇಲ್ಮೈಗೆ ಬಂದು ಸೇರುತ್ತದೆ, 59% ದಾಟಿದರೆ ಒಳಗೇ ಹುದುಗುತ್ತದೆ. ಕ್ಯಾಸ್ಕ್ ಸ್ಟ್ರೆಂತ್ (ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ತುಂಬಿದ) ಬಾಟಲಿಗಳನ್ನು ನೀರಿಲ್ಲದೆ ಕುಡಿದು ಬೀಗುವವರು ಇದನ್ನು ಗಮನಿಸಲಿ.

ಬಹುತೇಕರು ಸೋಲುವುದು ನೀರಿನಲ್ಲೇ. ನಲ್ಲಿ ನೀರಿನ ಕ್ಲೋರಿನ್ ವಾಸನೆ ಲಫ್ರೋಯ್ಗ್ ಎಂಬ ಪೀಟ್ ವಿಸ್ಕಿಯ ಔಷಧಿ ವಾಸನೆಯೊಂದಿಗೆ ಬೆರೆತರೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಬೋರ್‌ವೆಲ್ ನೀರಿನ ಗಡಸು ಇನ್ನೂ ಕೆಟ್ಟದ್ದು. ಆರ್‌ಓ ನೀರು ಸಾಕು, ದುಬಾರಿ ಬಾಟಲಿ ನೀರು ದಂಡ. ಐಸ್ ಹಾಕಿದರೆ ಸಿಹಿ ಅಡಗಿ, ಹೊಗೆಯೊಂದೇ ಉಳಿಯುತ್ತದೆ. ಆರ್ಡ್‌ಬೆಗ್‌ನಂಥ ಚಿಲ್ ಫಿಲ್ಟರ್ ಮಾಡದ (ತಣ್ಣಗೆ ಮಾಡಿ ಸೋಸದ) ವಿಸ್ಕಿ ತಣ್ಣಗಾದಾಗಲೋ ನೀರು ಬಿದ್ದಾಗಲೋ ಮಬ್ಬಾಗಬಹುದು. ನಕಲಿ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಏಪ್ರಿಲ್ ಸೆಕೆಯಲ್ಲಿ ಮಾತ್ರ ಬಾಟಲಿಯನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆದರೆ ಮೂಗು ಉರಿಯುವುದು ಕಡಿಮೆ.

ಪಿಪಿಎಂ (ಹೊಗೆಯ ಫಿನಾಲ್ ಅಂಶ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕ) ನೋಡಿ ಕೊಳ್ಳುವ ಚಟವೂ ಬೇಡ. ಅದು ಮಾಲ್ಟಿನ, ಅಂದರೆ ಮೊಳಕೆ ಬಾರ್ಲಿಯ ಅಳತೆ, ಬಾಟಲಿಯದ್ದಲ್ಲ. ಲಗವೂಲಿನ್, ಕಲ್ ಈಲಾ ಎಂಬ ಎರಡು ಪೀಟ್ ವಿಸ್ಕಿಗಳ ಮಾಲ್ಟೂ ಸುಮಾರು 35. ಆದರೂ ಒಂದು ದಪ್ಪ, ಇನ್ನೊಂದು ಹಗುರ. ಸ್ಟಿಲ್ಲಿನ (ಭಟ್ಟಿ ಇಳಿಸುವ ಪಾತ್ರೆಯ) ಆಕಾರ, ಕಟ್ ಎಲ್ಲಿ ತೆಗೆಯುತ್ತಾರೆ (ಇಳಿದದ್ದರಲ್ಲಿ ಯಾವ ಭಾಗ ಇಟ್ಟುಕೊಳ್ಳುತ್ತಾರೆ), ಯಾವ ಪೀಪಾಯಿ, ಎಷ್ಟು ವರ್ಷ, ಇವೆಲ್ಲ ಸೇರಿದ ಆಟ ಅದು.

ಕುಡಿಯುವ ಸಾಲು ಕೂಡ ಮುಖ್ಯ. ಮೊದಲು ಪೀಟ್ ಇಲ್ಲದ್ದು, ಆಮೇಲೆ ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ (ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಪೀಟೆಡ್ ಬಾರ್ಲಿ ಕೂಡಿಸಿದ್ದು, ಒಳ್ಳೆಯ ಮೆಟ್ಟಿಲು), ಮಧ್ಯಮ ಹೊಗೆಯ ಬೋಮೋರ್, ಕೊನೆಗೆ ಆರ್ಡ್‌ಬೆಗ್. ತಿರುಗಾಮುರುಗಾ ಮಾಡಿದರೆ ಬೋಮೋರ್ ನೀರಿನ ಹಾಗೆ ಅನಿಸುತ್ತದೆ. ನಡುವೆ ಮೂಗು ಸುಸ್ತಾದರೆ ನಿಮ್ಮದೇ ಮುಂಗೈ ಮೂಸಿ. ಜೊತೆಗೆ ತಿನ್ನಲು ಮಿರ್ಚಿ ಬಜ್ಜಿ ಬೇಡ. ಕಪ್ಪು ಚಾಕೊಲೇಟ್ ಲಗವೂಲಿನ್‌ಗೆ ಕೂಡಿಬಂತು, ಲಫ್ರೋಯ್ಗ್‌ಗೆ ಕೈಕೊಟ್ಟಿತು.

ದುಡ್ಡಿನ ವಿಷಯ: 750 ಎಂಎಲ್ ಬಾಟಲಿಗೆ ಎಂಟು ಸಾವಿರ ಎಂದಿಟ್ಟುಕೊಂಡರೂ 30 ಎಂಎಲ್ ಪೆಗ್ಗಿಗೆ 320. ನಾಲ್ಕು ಮಂದಿ ಹಂಚಿಕೊಂಡು 100 ಎಂಎಲ್ ಕಂದು ಸೀಸೆಗಳಿಗೆ ಕತ್ತಿನವರೆಗೆ ತುಂಬಿಡಿ. ಮುಕ್ಕಾಲು ಖಾಲಿಯಾದ ಬಾಟಲಿಯಲ್ಲಿ ಗಾಳಿ ಸೇರಿ ಮೊದಲು ಹೋಗುವುದೇ ಹೊಗೆ. ಕಾರ್ಕ್ ಬಾಟಲಿ ನೆಟ್ಟಗೇ ನಿಲ್ಲಿಸಿ, ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ.